ಅಮೆರಿಕದ ಬಂದೂಕು ಕಾನೂನಿನಲ್ಲಿ ಬರೆಯದೇ ಉಳಿದ ಸಾಲುಗಳು

ಅಕ್ಕ ಇರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಊರಲ್ಲಿ. ಅವಳ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ನಮ್ಮಮ್ಮನಿಗೆ ಸ್ಕೂಲಲ್ಲಿ ಕಲಿತದ್ದನ್ನು ಮಾಡಿ ತೋರಿಸಿದಳು. ರೂಮಿನ ಲೈಟ್ ಆರಿಸಿದಳು. ಬಾಗಿಲಿನಿಂದ ಕಾಣದ ಮೂಲೆ ಹುಡುಕಿ, ಗೋಡೆಗೆ ಬೆನ್ನು ಒತ್ತಿ, ಮೊಣಕಾಲು ಮಡಚಿ ಕೂತಳು. ಬಾಯಿ ಮೇಲೆ ಬೆರಳಿಟ್ಟುಕೊಂಡಳು. "ಅಜ್ಜಿ, ಕೆಮ್ಮು ಬಂದ್ರೂ ಕೆಮ್ಮಬಾರದು" ಅಂದಳು. ಅಮ್ಮ ಕಣ್ಣಾಮುಚ್ಚಾಲೆ ಅಂದುಕೊಂಡು ನಕ್ಕರು. ಅಕ್ಕ ನಗಲಿಲ್ಲ.

ಅದು ಲಾಕ್‌ಡೌನ್ ಡ್ರಿಲ್. ಬಂದೂಕು ಹಿಡಿದವನೊಬ್ಬ ಸ್ಕೂಲಿಗೆ ನುಗ್ಗಿದರೆ ಮಕ್ಕಳು ಏನು ಮಾಡಬೇಕು ಅನ್ನುವ ತಾಲೀಮು. ಆರು ವರ್ಷದ ಮಗು ಅದನ್ನು ಮಗ್ಗಿ ಒಪ್ಪಿಸಿದಷ್ಟೇ ಸಲೀಸಾಗಿ ಮಾಡಿ ತೋರಿಸಿತ್ತು.

2023ರ ಮೇ 6ರಂದು ಅದೇ ಡಲ್ಲಾಸ್ ಸುತ್ತಮುತ್ತಲಿನ ಆ್ಯಲನ್ ಎಂಬ ಊರಿನ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಹೈದರಾಬಾದ್ ಕಡೆಯ ಒಬ್ಬ ಯುವ ಎಂಜಿನಿಯರ್ ಇದ್ದಳು, ಪುಟ್ಟ ಮಕ್ಕಳೂ ಇದ್ದರು. ಆ ಭಾಗದಲ್ಲಿ ಕನ್ನಡದವರು, ತೆಲುಗಿನವರು ಜಾಸ್ತಿ. ಶನಿವಾರ ಮಧ್ಯಾಹ್ನ ಬಟ್ಟೆ ತರೋಣ ಅಂತ ಹೊರಡುವ ಮಾಲ್ ಅದು. ಆ ರಾತ್ರಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಫೋನು ಹೊಡೆದುಕೊಂಡಿತೋ.

ಇಂಥದ್ದು ಆದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ. ಇಷ್ಟೆಲ್ಲ ಆದ್ರೂ ಅವರು ಯಾಕೆ ಒಂದು ಕಾನೂನು ಮಾಡಲ್ಲ? ಬಂದೂಕು ಕಂಪನಿಗಳ ಲಾಬಿ ಅನ್ನುತ್ತೇವೆ, ಅವರ ಸಂಸ್ಕೃತಿನೇ ಹಾಗೆ ಅನ್ನುತ್ತೇವೆ, ಸುಮ್ಮನಾಗುತ್ತೇವೆ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಕಾನೂನು ಎಲ್ಲಿ ಇದೆ, ಎಲ್ಲಿ ಇಲ್ಲ, ಇಲ್ಲದ ಕಡೆ ಯಾರು ಬರೆಯಬೇಕು ಅನ್ನುವುದು ಗೊತ್ತಾದರೆ ಮಿಕ್ಕರ್ಧ ತಿಳಿಯುತ್ತದೆ.

ಸಾಯುತ್ತಿರುವವರು ಯಾರು

ಮೊದಲು ಲೆಕ್ಕ. ಅಮೆರಿಕದಲ್ಲಿ 2023ರಲ್ಲಿ ಬಂದೂಕಿನಿಂದ ಸತ್ತವರು 46,728 ಜನ. ದಿನಕ್ಕೆ ಸರಾಸರಿ 128. ಅದಕ್ಕೂ ಎರಡು ವರ್ಷ ಹಿಂದೆ, 2021ರಲ್ಲಿ, ಇದು 48,830 ಇತ್ತು. 2020ರಿಂದೀಚೆಗೆ ಅಲ್ಲಿನ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲನೇ ಕಾರಣ ಬಂದೂಕು. ರಸ್ತೆ ಅಪಘಾತವನ್ನೂ ಅದು ಹಿಂದೆ ಹಾಕಿದೆ.

ಟಿವಿಯಲ್ಲಿ ನಮಗೆ ಕಾಣುವುದು ಸ್ಕೂಲು, ಮಾಲ್, ಚರ್ಚು. ಅಂಥ ಸಾಮೂಹಿಕ ಗುಂಡಿನ ದಾಳಿಗಳಲ್ಲಿ ಸಾಯುವವರು ಒಟ್ಟು ಲೆಕ್ಕದಲ್ಲಿ ತೀರಾ ಸಣ್ಣ ಪಾಲು. 2023ರ ಸಾವುಗಳಲ್ಲಿ 27,300 ಆತ್ಮಹತ್ಯೆಗಳು. ಅರ್ಧಕ್ಕಿಂತ ಜಾಸ್ತಿ. ಹತ್ತಿರ ಹತ್ತಿರ 18,000 ಕೊಲೆಗಳು. ಅವುಗಳಲ್ಲೂ ಹೆಚ್ಚಿನವು ಸಣ್ಣ ಪಿಸ್ತೂಲಿನಿಂದ, ಬೀದಿ ಜಗಳದಲ್ಲಿ, ಮನೆಯೊಳಗಿನ ಜಗಳದಲ್ಲಿ ಆದವು.

ಆತ್ಮಹತ್ಯೆಯನ್ನು ಇಲ್ಲಿ ಯಾಕೆ ಎಣಿಸಬೇಕು ಅಂತ ಕೆಲವರು ಕೇಳುತ್ತಾರೆ. ಕಾರಣ ಇದೆ. ಸಾಯಬೇಕು ಅನ್ನಿಸುವ ಗಳಿಗೆ ಬಹಳ ಜನಕ್ಕೆ ಬಂದು ಹೋಗುವಂಥದ್ದು. ಮಾತ್ರೆ ನುಂಗಿದವರಲ್ಲಿ ಬಹುಪಾಲು ಜನ ಬದುಕುತ್ತಾರೆ, ಆಮೇಲೆ ಬದುಕನ್ನು ಮತ್ತೆ ಹಿಡಿದುಕೊಳ್ಳುತ್ತಾರೆ. ಬಂದೂಕು ಕೈಗೆತ್ತಿಕೊಂಡ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಆ ಎರಡನೇ ಅವಕಾಶ ಸಿಗುವುದಿಲ್ಲ. ಹಾಗಾಗಿ ಬಂದೂಕು ಕೊಂಡವರು ಮೂರು ದಿನ ಕಾದು ತಗೊಂಡು ಹೋಗಲಿ, ಮನೆಯಲ್ಲಿ ಅದಕ್ಕೆ ಬೀಗ ಹಾಕಿಡಲಿ ಅನ್ನುವಂಥ ಸಣ್ಣ ಕಾನೂನು ಕೂಡ ಜೀವ ಉಳಿಸುತ್ತದೆ.

ಅಂಗಡಿಯ ಕೌಂಟರಿನಲ್ಲಿ

ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಹೋದಿರಿ ಅಂದುಕೊಳ್ಳಿ. 4473 ನಂಬರಿನ ಒಂದು ಫಾರಂ ಕೊಡುತ್ತಾರೆ. ಹೆಸರು, ವಿಳಾಸ, ಶಿಕ್ಷೆ ಆಗಿದೆಯಾ, ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ ಕೇಸಿದೆಯಾ, ಮಾದಕ ವಸ್ತು ಬಳಸುತ್ತೀರಾ, ಹೀಗೆ ಪ್ರಶ್ನೆಗಳು. ಅಂಗಡಿಯವರು ಎಫ್‌ಬಿಐ ನಡೆಸುವ ವ್ಯವಸ್ಥೆಗೆ ನಿಮ್ಮ ವಿವರ ಕಳಿಸುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ 'ಕೊಡಬಹುದು' ಅಥವಾ 'ಕೊಡಬೇಡಿ' ಅಂತ ಉತ್ತರ ಬರುತ್ತದೆ. ಇದೇ ಬ್ಯಾಕ್‌ಗ್ರೌಂಡ್ ಚೆಕ್. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಪೆಟ್ಟು ಬಿದ್ದು ಜೀವನವಿಡೀ ನರಳಿದರು. ಅವರ ಹೆಂಡತಿ ಸಾರಾ ಬ್ರೇಡಿ ವರ್ಷಗಟ್ಟಲೆ ಓಡಾಡಿದ ಮೇಲೆ 1993ರಲ್ಲಿ ಈ ಕಾನೂನು ಬಂತು.

ಅದರಲ್ಲಿ ಎರಡು ತೂತು ಉಳಿದಿವೆ.

ಒಂದು, ಚೆಕ್ ಮಾಡಬೇಕಾದವರು ಲೈಸೆನ್ಸ್ ಇರುವ ವ್ಯಾಪಾರಿಗಳು ಮಾತ್ರ. ನಿಮ್ಮ ಪಕ್ಕದ ಮನೆಯವನು ತನ್ನ ಹಳೇ ಪಿಸ್ತೂಲನ್ನು ನಿಮಗೆ ಮಾರಿದರೆ, ಅಥವಾ ಆನ್‌ಲೈನ್ ಜಾಹೀರಾತು ನೋಡಿ ಯಾರೋ ಪಾರ್ಕಿಂಗ್ ಜಾಗದಲ್ಲಿ ಕೈಗೆ ಕೊಟ್ಟರೆ, ಕೇಂದ್ರದ ಕಾನೂನಿನ ಪ್ರಕಾರ ಚೆಕ್ ಬೇಕಿಲ್ಲ. ಸುಮಾರು 20 ರಾಜ್ಯಗಳು ತಮ್ಮದೇ ಕಾನೂನು ಮಾಡಿ ಈ ತೂತು ಮುಚ್ಚಿಕೊಂಡಿವೆ. ಟೆಕ್ಸಸ್ ಮುಚ್ಚಿಲ್ಲ.

ಎರಡು, ಮೂರು ಕೆಲಸದ ದಿನಗಳಲ್ಲಿ ಎಫ್‌ಬಿಐ ಉತ್ತರ ಕೊಡದಿದ್ದರೆ ಅಂಗಡಿಯವರು ಬಂದೂಕು ಕೊಟ್ಟುಬಿಡಬಹುದು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 2015ರ ಜೂನ್ 17ರ ರಾತ್ರಿ ಕರಿಯರ ಹಳೆಯ ಚರ್ಚೊಂದರಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೆ. ಅವನ ಮೇಲೆ ಡ್ರಗ್ಸ್ ಕೇಸಿತ್ತು. ಕಡತ ಸರಿಯಾದ ಕೈಗೆ ಸಿಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಗಡುವು ಮೀರಿದರೆ ಅನುಮಾನದ ಲಾಭ ಕೊಳ್ಳುವವನಿಗೆ ಅಂತ ಕಾನೂನೇ ಹೇಳಿದೆ. ಬೇರೆ ಯಾವ ವಿಷಯದಲ್ಲಾದರೂ ನಾವು ಇದನ್ನು ಒಪ್ಪುತ್ತೇವಾ?

ಇನ್ನೊಂದು ಜಾಗವನ್ನು ಹತ್ತಿರದಿಂದ ನೋಡಬೇಕು. ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಎಂಬ ಊರಲ್ಲಿ ಸರ್ಕಾರದ ಬಂದೂಕು ಪತ್ತೆ ಕೇಂದ್ರ ಇದೆ. ಕೊಲೆಯಾದ ಜಾಗದಲ್ಲಿ ಬಂದೂಕು ಸಿಕ್ಕರೆ ಅದರ ಸೀರಿಯಲ್ ನಂಬರ್ ಇಲ್ಲಿಗೆ ಬರುತ್ತದೆ. ನಂಬರ್ ಒತ್ತಿದ ಕೂಡಲೇ ಮಾಲೀಕನ ಹೆಸರು ಕಂಪ್ಯೂಟರಿನಲ್ಲಿ ಬರುವುದಿಲ್ಲ. ಇಲ್ಲಿನವರು ಮೊದಲು ತಯಾರಿಸಿದ ಕಂಪನಿಗೆ ಫೋನ್ ಮಾಡುತ್ತಾರೆ. ಅವರು ಸಗಟು ವ್ಯಾಪಾರಿಯ ಹೆಸರು ಹೇಳುತ್ತಾರೆ. ಆ ವ್ಯಾಪಾರಿ ಅಂಗಡಿಯ ಹೆಸರು ಹೇಳುತ್ತಾನೆ. ಅಂಗಡಿಯವನು ಕಪಾಟು ತೆಗೆದು ಹಳೇ ಫಾರಂ ಹುಡುಕುತ್ತಾನೆ. ಅಂಗಡಿ ಮುಚ್ಚಿಹೋಗಿದ್ದರೆ ಅದರ ಕಾಗದವೆಲ್ಲ ರಟ್ಟಿನ ಡಬ್ಬಗಳಲ್ಲಿ ಮಾರ್ಟಿನ್ಸ್‌ಬರ್ಗ್‌ಗೇ ಬಂದಿರುತ್ತದೆ. ಅವನ್ನು ಸ್ಕ್ಯಾನ್ ಮಾಡಬಹುದು. ಆದರೆ ಹೆಸರು ಹಾಕಿ ಹುಡುಕುವ ಹಾಗೆ ಮಾಡಿಕೊಳ್ಳುವಂತಿಲ್ಲ. ಸಿಬ್ಬಂದಿ ಒಂದೊಂದೇ ಪುಟ ಕಣ್ಣಲ್ಲಿ ನೋಡುತ್ತಾ ಹೋಗುತ್ತಾರೆ. ತಂತ್ರಜ್ಞಾನ ಇಲ್ಲದೇ ಹೀಗಾಗಿದ್ದಲ್ಲ. ಬಂದೂಕು ಮಾಲೀಕರ ಪಟ್ಟಿ ಮಾಡಬಾರದು ಅಂತ 1986ರಲ್ಲಿ ಸಂಸತ್ತೇ ಕಾನೂನು ಮಾಡಿದೆ. ಇವತ್ತು ಪಟ್ಟಿ ಮಾಡಿದರೆ ನಾಳೆ ಮನೆಗೆ ಬಂದು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಅಲ್ಲಿ ಬಹಳ ಜನಕ್ಕೆ ನಿಜವಾಗಿಯೂ ಇದೆ.

ಕೋವಿ ಇರುವ ಊರು ನಮ್ಮಲ್ಲೂ ಇದೆ

ಬಂದೂಕಿನ ಸಂಸ್ಕೃತಿ ಇದ್ದರೆ ಕಾನೂನು ನಡೆಯಲ್ಲ ಅನ್ನುವವರಿಗೆ ನಾನು ಕೊಡಗನ್ನು ತೋರಿಸುತ್ತೇನೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹುಟ್ಟಿಗೆ ಗುಂಡು ಹಾರಿಸುತ್ತಾರೆ, ಸಾವಿಗೂ ಹಾರಿಸುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯದೆಯಲ್ಲಿ ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಅಂದರೆ ಮನೆತನ, ಮರ್ಯಾದೆ. ಹಾಗಂತ ಲೆಕ್ಕವಿಲ್ಲದೆ ಇಲ್ಲ. ವಿನಾಯಿತಿ ಪತ್ರ ಇದೆ, ಯಾರಿಗೆ ಕೊಟ್ಟಿದೆ ಅನ್ನುವ ದಾಖಲೆ ಇದೆ, ಅವಧಿಯೂ ಇದೆ.

ಮಲೆನಾಡಿನ ತೋಟದವರನ್ನು ಕೇಳಿ. ಹಂದಿ, ಮಂಗನ ಕಾಟಕ್ಕೆ ಅಂತ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿರುತ್ತಾರೆ. ಎಲೆಕ್ಷನ್ ಬಂತು ಅಂದರೆ ಬಂದೂಕನ್ನು ಠಾಣೆಗೆ ಡಿಪಾಸಿಟ್ ಮಾಡಿ ರಸೀದಿ ತಗೊಂಡು ಬರಬೇಕು. ಹಂದಿ ನುಗ್ಗೋ ಟೈಮಲ್ಲೇ ಬಂದೂಕು ಠಾಣೆಯಲ್ಲಿ ಇರುತ್ತೆ ಅಂತ ಗೊಣಗುತ್ತಾರೆ, ಗೊಣಗುತ್ತಲೇ ಕೊಟ್ಟು ಬರುತ್ತಾರೆ. ನಮ್ಮ ಕಾನೂನನ್ನು ಹಾಗೇ ಎತ್ತಿ ಅಮೆರಿಕಕ್ಕೆ ಕೊಂಡೊಯ್ಯಿರಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಬಂದೂಕು ಸರ್ಕಾರ ಕೊಡುವ ಪರವಾನಗಿ. ಅವರಲ್ಲಿ ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು. ಇಷ್ಟು ದೊಡ್ಡ ವ್ಯತ್ಯಾಸ ಇದ್ದರೂ ಹೇಳಬೇಕಾದ ಮಾತು ಒಂದಿದೆ. ಪ್ರೀತಿಸುವ ವಸ್ತುವಿಗೂ ಲೆಕ್ಕ ಇಡಬಹುದು.

ಅವರ ಹಕ್ಕಿಗೂ ಮಿತಿ ಇದೆ. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಮನೆಯಲ್ಲಿ ಸ್ವರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ ಹೇಳಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅದರಲ್ಲೇ ಈ ಹಕ್ಕು ಮಿತಿಯಿಲ್ಲದ್ದಲ್ಲ ಅಂತಲೂ ಬರೆದರು. 2022ರಲ್ಲಿ ಕೋರ್ಟ್ ಇನ್ನೂ ಬಿಗಿಯಾಯಿತು. ಯಾವುದೇ ನಿರ್ಬಂಧ ದೇಶದ ಹಳೆಯ ಸಂಪ್ರದಾಯಕ್ಕೆ ಹೊಂದಬೇಕು ಅಂದಿತು. ಎರಡೇ ವರ್ಷಕ್ಕೆ, 2024ರಲ್ಲಿ, ಸಂಗಾತಿಯ ಮೇಲೆ ಹಲ್ಲೆ ಮಾಡಬಹುದು ಅಂತ ಕೋರ್ಟ್ ತಡೆಯಾಜ್ಞೆ ಕೊಟ್ಟವನ ಕೈಯಿಂದ ಬಂದೂಕು ಕಿತ್ತುಕೊಳ್ಳುವ ಕಾನೂನು ಸರಿಯಿದೆ ಅಂತ 8–1ರಲ್ಲಿ ಹೇಳಿತು. ಸಂವಿಧಾನ ಅಡ್ಡ ಇದೆ ಅನ್ನುವ ಮಾತು ಅರ್ಧ ಸತ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ.

ಲಾಸ್ ವೇಗಸ್‌ನ ಪಾಠ

ಶಾಸನ ಸಭೆಯೇ ಯಾಕೆ ಕಾನೂನು ಬರೆಯಬೇಕು, ಅಧ್ಯಕ್ಷರು ಒಂದು ಆದೇಶ ಹೊರಡಿಸಿದರೆ ಸಾಲದಾ? ಇದಕ್ಕೆ ಒಂದು ಪ್ಲಾಸ್ಟಿಕ್ ತುಂಡಿನ ಕಥೆ ಕೇಳಬೇಕು.

ಮೆಷಿನ್ ಗನ್‌ಗಳಿಗೆ ಅಮೆರಿಕದಲ್ಲಿ 1934ರಿಂದಲೂ ಬಿಗಿ ಕಾನೂನಿದೆ. ಮಾಫಿಯಾ ಗುಂಪುಗಳು ಷಿಕಾಗೊ ಬೀದಿಗಳಲ್ಲಿ ಟಾಮಿ ಗನ್ ಹಿಡಿದು ಕೊಂದಾಡುತ್ತಿದ್ದ ಕಾಲದಲ್ಲಿ ಬಂದದ್ದು. 1986ರ ನಂತರ ತಯಾರಾದ ಹೊಸ ಮೆಷಿನ್ ಗನ್ ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ. ಮೆಷಿನ್ ಗನ್ ಅಂದರೆ ಏನು ಅಂತಲೂ ಕಾನೂನು ಹೇಳಿದೆ. ಟ್ರಿಗರ್ ಒಂದು ಸಲ ಕೆಲಸ ಮಾಡಿದರೆ ತಾನಾಗಿಯೇ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಆಯುಧ.

ಬಂಪ್ ಸ್ಟಾಕ್ ಅನ್ನುವುದು ರೈಫಲ್ಲಿನ ಹಿಂಬದಿಗೆ ಹಾಕುವ ಹಿಡಿ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತಕ್ಕೆ ಇಡೀ ಬಂದೂಕು ಈ ಹಿಡಿಯೊಳಗೆ ಹಿಂದೆ ಮುಂದೆ ಜಾರುತ್ತದೆ. ಬೆರಳನ್ನು ಅಲ್ಲಾಡಿಸದೆ ಹಿಡಿದಿದ್ದರೆ ಸಾಕು, ಟ್ರಿಗರ್ರೇ ಬಂದು ಬಂದು ಬೆರಳಿಗೆ ಬಡಿಯುತ್ತದೆ. ಗುಂಡು ಮಳೆ ಸುರಿದ ಹಾಗೆ ಸುರಿಯುತ್ತದೆ.

2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಹೋಟೆಲೊಂದರ 32ನೇ ಮಹಡಿಯ ಕಿಟಕಿಯಿಂದ ಒಬ್ಬ ಇದನ್ನೇ ಬಳಸಿದ. ಕೆಳಗೆ ಬಯಲಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಸಾವಿರಾರು ಜನ ಸೇರಿದ್ದರು. ಸುಮಾರು ಹತ್ತು ನಿಮಿಷ, ಸಾವಿರಕ್ಕೂ ಹೆಚ್ಚು ಗುಂಡು. ಆ ರಾತ್ರಿ ಸತ್ತವರು, ಆಮೇಲೆ ಗಾಯದಿಂದ ಸತ್ತವರು ಸೇರಿ 60 ಜನ.

ಬಂಪ್ ಸ್ಟಾಕ್ ನಿಷೇಧಿಸಬೇಕು ಅಂತ ಎರಡೂ ಪಕ್ಷದವರು ಅಂದರು. ಸಂಸತ್ತು ಆಗ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಬಂದೂಕು ವ್ಯವಹಾರ ನೋಡಿಕೊಳ್ಳುವ ಇಲಾಖೆಯೇ ಏನಾದರೂ ಮಾಡಲಿ ಅಂತ ಬಿಟ್ಟರು. 2018ರ ಡಿಸೆಂಬರ್‌ನಲ್ಲಿ ಟ್ರಂಪ್ ಸರ್ಕಾರ ನಿಯಮ ತಂದಿತು. ಬಂಪ್ ಸ್ಟಾಕ್ ಹಾಕಿದ ಬಂದೂಕೂ ಮೆಷಿನ್ ಗನ್ನೇ ಅಂತ ಹಳೇ ಕಾನೂನನ್ನು ಹೊಸದಾಗಿ ಅರ್ಥೈಸಿತು. ಟೆಕ್ಸಸ್‌ನ ಒಬ್ಬ ಬಂದೂಕು ವ್ಯಾಪಾರಿ ತನ್ನ ಬಂಪ್ ಸ್ಟಾಕ್‌ಗಳನ್ನು ಸರ್ಕಾರಕ್ಕೆ ಒಪ್ಪಿಸಿ ಕೋರ್ಟಿಗೆ ಹೋದ.

2024ರ ಜೂನ್ 14ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ಆ ನಿಯಮ ರದ್ದು ಮಾಡಿತು. ಬಂಪ್ ಸ್ಟಾಕ್ ಇದ್ದರೂ ಪ್ರತಿ ಗುಂಡಿಗೂ ಟ್ರಿಗರ್ ಒಂದೊಂದು ಸಲ ಒತ್ತಿಸಿಕೊಳ್ಳುತ್ತದೆ, ಹಾಗಾಗಿ ಕಾನೂನಿನ ಪದಗಳಿಗೆ ಅದು ಹೊಂದುವುದಿಲ್ಲ ಅಂದಿತು. ಎರಡನೇ ತಿದ್ದುಪಡಿಯ ಮಾತು ಇಲ್ಲಿ ಬರಲೇ ಇಲ್ಲ. ಪ್ರಶ್ನೆ ಇದ್ದದ್ದು ಕಾನೂನಿನಲ್ಲಿ ಬರೆದಿರುವ ಪದದ್ದು. ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಅಲಿಟೊ ಬೇರೆಯಾಗಿ ಒಂದು ಸಣ್ಣ ಟಿಪ್ಪಣಿ ಬರೆದು, ಇದಕ್ಕೆ ಸರಳ ಪರಿಹಾರ ಇದೆ, ಸಂಸತ್ತು ಕಾನೂನು ತಿದ್ದಬಹುದು ಅಂದರು. ನ್ಯಾಯಾಲಯವೇ ಬಾಗಿಲು ತೆರೆದು ದಾರಿ ತೋರಿಸಿದ ಹಾಗೆ ಅದು.

ನಾಲ್ಕು ದಿನ ಬಿಟ್ಟು ಸೆನೆಟ್‌ನಲ್ಲಿ ಒಂದು ಪ್ರಯತ್ನ ನಡೆಯಿತು. ಯಾರೂ ಆಕ್ಷೇಪಿಸದಿದ್ದರೆ ಮಸೂದೆ ಹಾಗೇ ಪಾಸಾಗುವ ಒಂದು ಪದ್ಧತಿ ಅಲ್ಲಿದೆ. ನೆಬ್ರಾಸ್ಕಾದ ಒಬ್ಬ ಸೆನೆಟರ್ ಎದ್ದು ಆಕ್ಷೇಪಿಸಿದರು. ಅಲ್ಲಿಗೆ ನಿಂತಿತು.

ನನಗೆ ಈ ವಿಷಯ ಅರ್ಥವಾದದ್ದು ಈ ಪ್ರಕರಣ ಓದಿದ ಮೇಲೆ. ಆದೇಶ ಸರ್ಕಾರದ ಜೊತೆ ಬರುತ್ತದೆ, ಸರ್ಕಾರದ ಜೊತೆ ಹೋಗುತ್ತದೆ. ಬೈಡನ್ 2023ರಲ್ಲಿ ಶ್ವೇತಭವನದಲ್ಲೇ ಬಂದೂಕು ಹಿಂಸೆ ತಡೆಯಲು ಒಂದು ಕಚೇರಿ ತೆರೆದರು. 2025ರ ಜನವರಿಯಲ್ಲಿ ಅಧ್ಯಕ್ಷರು ಬದಲಾದರು, ಆ ಕಚೇರಿಯೂ ಹೋಯಿತು. ಶಾಸನವಾಗಿ ಬರೆದದ್ದನ್ನು ಅಷ್ಟು ಸುಲಭವಾಗಿ ಅಳಿಸಲು ಆಗುವುದಿಲ್ಲ.

ಕಾಂಗ್ರೆಸ್‌ನಲ್ಲಿ 60ರ ಗೋಡೆ

ಕಾಂಗ್ರೆಸ್ ಅಂದರೆ ಇಲ್ಲಿ ಅಮೆರಿಕದ ಸಂಸತ್ತು, ನಮ್ಮ ಪಕ್ಷ ಅಲ್ಲ. ಅದರಲ್ಲಿ ಎರಡು ಮನೆ. ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕ ಹಾಗೆ ಸದಸ್ಯರು. ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯ ಸಣ್ಣದಿರಲಿ ದೊಡ್ಡದಿರಲಿ ತಲಾ ಇಬ್ಬರು, ಒಟ್ಟು 100. ಆರು ಲಕ್ಷ ಜನ ಕೂಡ ಇಲ್ಲದ ವಯೋಮಿಂಗ್‌ಗೂ ಇಬ್ಬರು, ನಾಲ್ಕು ಕೋಟಿ ಹತ್ತಿರ ಇರುವ ಕ್ಯಾಲಿಫೋರ್ನಿಯಾಗೂ ಇಬ್ಬರು. ಬಂದೂಕು ಜಾಸ್ತಿ ಇರುವ ಹಳ್ಳಿಗಾಡಿನ ರಾಜ್ಯಗಳ ಮಾತಿಗೆ ಅಲ್ಲಿ ತೂಕ ಹೆಚ್ಚು. ಅದರ ಮೇಲೆ ಇನ್ನೊಂದು ನಿಯಮ. ಚರ್ಚೆ ಮುಗಿಸಿ ಮತಕ್ಕೆ ಹಾಕಲು 100ರಲ್ಲಿ 60 ಜನ ಒಪ್ಪಬೇಕು. ಬಹುಮತ ಇದ್ದರೂ ಸಾಲದು.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, ಆರು ಜನ ಸಿಬ್ಬಂದಿ ಸತ್ತರು. ಆ ಮಕ್ಕಳೆಲ್ಲ ಆರೇಳು ವರ್ಷದವರು. ನಾಲ್ಕು ತಿಂಗಳಿಗೆ ಡೆಮಾಕ್ರಟ್ ಪಕ್ಷದ ಮಾಂಚಿನ್, ರಿಪಬ್ಲಿಕನ್ ಪಕ್ಷದ ಟೂಮಿ ಸೇರಿ ಒಂದು ಮಸೂದೆ ತಂದರು. ಇಬ್ಬರೂ ಬಂದೂಕಿನ ಪರ ಇದ್ದವರೇ. ಪ್ರದರ್ಶನದಲ್ಲಿ ಮಾರಿದರೂ, ಆನ್‌ಲೈನ್‌ನಲ್ಲಿ ಮಾರಿದರೂ ಬ್ಯಾಕ್‌ಗ್ರೌಂಡ್ ಚೆಕ್ ಇರಲಿ ಅನ್ನುವ ಸಾಧಾರಣ ಮಸೂದೆ. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಸೆನೆಟರ್‌ಗಳ ಕಚೇರಿಯಿಂದ ಕಚೇರಿಗೆ ಫೋಟೊ ಹಿಡಿದು ಓಡಾಡಿದ್ದರು. 2013ರ ಏಪ್ರಿಲ್ 17ರಂದು ಮತ ಎಣಿಸಿದಾಗ ಪರವಾಗಿ 54, ವಿರುದ್ಧವಾಗಿ 46. ಗೆದ್ದ ಮಸೂದೆ ಸೋತಿತು.

2019ರಲ್ಲಿ, ಮತ್ತೆ 2021ರಲ್ಲಿ ಕೆಳಮನೆ ಎಲ್ಲ ಮಾರಾಟಕ್ಕೂ ಚೆಕ್ ಕಡ್ಡಾಯ ಮಾಡುವ ಮಸೂದೆ ಪಾಸು ಮಾಡಿತು. ಎರಡು ಸಲವೂ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. ಸಮೀಕ್ಷೆಗಳಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ಇದಕ್ಕೆ ಹೂಂ ಅನ್ನುತ್ತಾರೆ. ಆದರೆ ಈ ಎಂಟು ಜನ ವೋಟು ಹಾಕುವಾಗ ಬೆಲೆಯೇರಿಕೆ, ಕೆಲಸ, ಆಸ್ಪತ್ರೆ ಖರ್ಚು ಎಲ್ಲ ನೋಡುತ್ತಾರೆ. ಉಳಿದ ಇಬ್ಬರು ಬಂದೂಕೊಂದನ್ನೇ ನೋಡುತ್ತಾರೆ. ಪಕ್ಷದ ಟಿಕೆಟ್ ಯಾರಿಗೆ ಅಂತ ತೀರ್ಮಾನಿಸುವ ಒಳಚುನಾವಣೆಗೆ ತಪ್ಪದೆ ಬರುವವರೂ ಅವರೇ.

ಉವಾಲ್ಡೆ ನಂತರ

ಗೋಡೆ ಒಂದು ಸಲ ಬಿರುಕು ಬಿಟ್ಟಿತು. 2022ರ ಮೇ 24ರಂದು ಟೆಕ್ಸಸ್‌ನ ಉವಾಲ್ಡೆಯ ರಾಬ್ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಕೊಂದವನಿಗೆ ಆಗಷ್ಟೇ 18 ತುಂಬಿತ್ತು. ಹುಟ್ಟುಹಬ್ಬ ಕಳೆದ ಕೆಲವೇ ದಿನಗಳಲ್ಲಿ ಎರಡು ರೈಫಲ್ ಕೊಂಡಿದ್ದ, ಎಲ್ಲ ಕಾನೂನು ಪ್ರಕಾರವೇ. ಕೇಂದ್ರದ ಕಾನೂನಿನಲ್ಲಿ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ಆಗಿರಬೇಕು, ರೈಫಲ್‌ಗೆ 18 ಸಾಕು. 1968ರಲ್ಲಿ ಹಾಗೆ ಬರೆದಾಗ ಅವರ ಕಣ್ಣಮುಂದೆ ಇದ್ದದ್ದು ಬೇಟೆಗೆ ಹೋಗುವ ಹಳ್ಳಿ ಹುಡುಗ. ಸೇನೆಯ ಬಂದೂಕನ್ನು ಹೋಲುವ ಎಆರ್-15 ಮಾದರಿಯ ರೈಫಲ್ ಹಿಡಿದು ಶಾಲೆಗೆ ನುಗ್ಗುವವನಲ್ಲ. ಬಿಯರ್ ಕೊಳ್ಳಲು ವಯಸ್ಸಾಗದ ಹುಡುಗ ಅದೇ ಊರಲ್ಲಿ ಆ ರೈಫಲ್ ಕೊಳ್ಳಬಹುದಿತ್ತು.

ಕೆಟ್ಟವನ ಕೈಲಿ ಬಂದೂಕಿದ್ದರೆ ಒಳ್ಳೆಯವನ ಕೈಲೂ ಇರಬೇಕು ಅಂತ ಒಂದು ವಾದ ಇದೆ. ಉವಾಲ್ಡೆಯಲ್ಲಿ ಅವತ್ತು ಬಂದಿದ್ದ ಪೊಲೀಸರು, ಅಧಿಕಾರಿಗಳು 376 ಜನ. ಎಲ್ಲರ ಹತ್ತಿರವೂ ಬಂದೂಕಿತ್ತು. ಅವರು ಕ್ಲಾಸಿನ ಬಾಗಿಲು ದಾಟಲು 77 ನಿಮಿಷ ತೆಗೆದುಕೊಂಡರು. ಒಳಗಿಂದ ಮಕ್ಕಳು ಪಿಸುದನಿಯಲ್ಲಿ ತುರ್ತು ನಂಬರಿಗೆ ಫೋನ್ ಮಾಡುತ್ತಲೇ ಇದ್ದರು. ಈ ಸಾಲು ಬರೆಯುವಾಗ ಅಕ್ಕನ ಮಗಳು ಬಾಯಿ ಮೇಲೆ ಬೆರಳಿಟ್ಟು ಕೂತದ್ದೇ ಕಣ್ಣಿಗೆ ಬರುತ್ತದೆ.

ಹತ್ತು ದಿನ ಮೊದಲಷ್ಟೇ ನ್ಯೂಯಾರ್ಕ್ ರಾಜ್ಯದ ಬಫಲೊದ ದಿನಸಿ ಅಂಗಡಿಯೊಂದರಲ್ಲಿ ಹತ್ತು ಕರಿಯರನ್ನು ಒಬ್ಬ ಕೊಂದಿದ್ದ. ಎರಡೂ ಸೇರಿ ಸೆನೆಟ್ ಅಲುಗಿತು. 65–33ರಲ್ಲಿ ಮಸೂದೆ ಪಾಸಾಗಿ, ಜೂನ್ 25ರಂದು ಬೈಡನ್ ಸಹಿ ಹಾಕಿದರು. ಸುಮಾರು 30 ವರ್ಷಗಳಲ್ಲಿ ಬಂದ ಮೊದಲ ದೊಡ್ಡ ಕೇಂದ್ರ ಕಾನೂನು. 21 ತುಂಬದವರು ಬಂದೂಕು ಕೊಳ್ಳಲು ಬಂದರೆ ಅವರ ಬಾಲ್ಯದ ದಾಖಲೆಯನ್ನೂ ನೋಡಬೇಕು, ಅದಕ್ಕೆ ಹತ್ತು ಕೆಲಸದ ದಿನಗಳವರೆಗೆ ಸಮಯ. ಮದುವೆಯಾಗದ ಸಂಗಾತಿಯನ್ನು ಹೊಡೆದು ಶಿಕ್ಷೆಯಾದವನಿಗೂ ಬಂದೂಕು ಇಲ್ಲ. ಬೇರೆಯವನ ಪರವಾಗಿ ಬೇನಾಮಿ ಕೊಳ್ಳುವುದು ಈಗ ನೇರವಾಗಿ ಕೇಂದ್ರ ಅಪರಾಧ. ಆದರೆ ಎಲ್ಲ ಮಾರಾಟಕ್ಕೂ ಚೆಕ್ ಬರಲಿಲ್ಲ, ಮೂರು ದಿನದ ಗಡುವು ದೊಡ್ಡವರ ಪಾಲಿಗೆ ಹಾಗೇ ಉಳಿಯಿತು, ವಯಸ್ಸೂ 18ರಲ್ಲೇ ನಿಂತಿತು.

ಕಳ್ಳರು ಕಾನೂನು ಪಾಲಿಸ್ತಾರಾ ಅಂತ ಕೇಳುವವರಿದ್ದಾರೆ. ಪಾಲಿಸಲ್ಲ. ಆದರೆ ಬಂದೂಕು ಮರದಲ್ಲಿ ಬಿಡುವುದಿಲ್ಲ. ಕಳ್ಳನ ಕೈಲಿರುವ ಪಿಸ್ತೂಲೂ ಬಹುಮಟ್ಟಿಗೆ ಮೊದಲು ಒಂದು ಕಾರ್ಖಾನೆಯಿಂದ, ಒಂದು ಅಂಗಡಿಯಿಂದ ಹೊರಟದ್ದೇ. ಅಂಗಡಿಯಿಂದ ಬೀದಿಗೆ ಅದು ಜಾರಿದ ಜಾಗ ಯಾವುದು ಅಂತ ನೋಡಬೇಕು. ಷಿಕಾಗೊದಲ್ಲಿ ಕಾನೂನು ಬಿಗಿ, ಆದರೂ ಕೊಲೆ ಜಾಸ್ತಿ ಅಂತ ಉದಾಹರಣೆ ಕೊಡುತ್ತಾರೆ. ಷಿಕಾಗೊ ಪೊಲೀಸರು ವಶಪಡಿಸಿಕೊಂಡ ಬಂದೂಕುಗಳ ಜಾಡು ಹಿಡಿದಾಗ ಅರ್ಧಕ್ಕಿಂತ ಜಾಸ್ತಿ ಹೊರ ರಾಜ್ಯದವು ಅಂತ ಗೊತ್ತಾಯಿತು. ಪಕ್ಕದ ಇಂಡಿಯಾನಾದಿಂದಲೇ ಸುಮಾರು ಐದರಲ್ಲೊಂದು. ಊರ ಗಡಿ ದಾಟಿದರೆ ಬೇರೆ ಕಾನೂನು. ಈಜುಕೊಳದ ಒಂದು ಮೂಲೆಗೆ ಮಾತ್ರ ಶುದ್ಧ ನೀರು ಬಿಟ್ಟ ಹಾಗೆ. ಅದಕ್ಕೇ ದೇಶಕ್ಕೆಲ್ಲ ಒಂದೇ ಕಾನೂನು ಬೇಕು ಅನ್ನುವುದು.

ನನ್ನನ್ನು ಕೇಳಿದರೆ ಎಆರ್-15 ನಿಷೇಧವನ್ನು ಮೊದಲಿಗೆ ಇಡುವುದಿಲ್ಲ. 1994ರಿಂದ 2004ರವರೆಗೆ ಹತ್ತು ವರ್ಷ ಅಂಥ ನಿಷೇಧ ಇತ್ತು, ಆಮೇಲೆ ಅವಧಿ ಮುಗಿದು ಬಿದ್ದುಹೋಯಿತು. ಅದು ಬೇಕು, ಸಾಮೂಹಿಕ ಕೊಲೆಗಳಲ್ಲಿ ಸಾವಿನ ಸಂಖ್ಯೆ ಇಳಿಸಲು ಬೇಕು. ಆದರೆ ದಿನಕ್ಕೆ 128 ಅನ್ನುವ ಲೆಕ್ಕ ಕಡಿಮೆಯಾಗಬೇಕಾದರೆ ಮೊದಲು ಬೇಕಾದ್ದು ಎಲ್ಲ ಮಾರಾಟಕ್ಕೂ ಚೆಕ್, ಮತ್ತು ಮನೆಯ ಬಂದೂಕಿಗೆ ಬೀಗ.

ಬೀಗ ಅಂದಾಗ ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆ ನೆನಪಾಗುತ್ತದೆ. 2021ರ ನವೆಂಬರ್ 30ರಂದು 15 ವರ್ಷದ ಹುಡುಗ ನಾಲ್ವರು ಸಹಪಾಠಿಗಳನ್ನು ಕೊಂದ. ನಾಲ್ಕು ದಿನ ಮೊದಲು ಅಪ್ಪ ಕೊಂಡು ತಂದಿದ್ದ ಪಿಸ್ತೂಲು ಅದು. ಬಂದೂಕಿಗೆ ಬೀಗ ಹಾಕಲೇಬೇಕು ಅನ್ನುವ ಕಾನೂನು ಆಗ ಆ ರಾಜ್ಯದಲ್ಲಿ ಇರಲಿಲ್ಲ. ಸರ್ಕಾರಿ ವಕೀಲರು ಉದ್ದೇಶವಿಲ್ಲದಿದ್ದರೂ ಸಾವಿಗೆ ಕಾರಣವಾದ ನಿರ್ಲಕ್ಷ್ಯ ಅಂತ ಅಪ್ಪ ಅಮ್ಮನ ಮೇಲೆ ಕೇಸು ಹಾಕಬೇಕಾಯಿತು. 2024ರಲ್ಲಿ ಇಬ್ಬರಿಗೂ ತಲಾ 10ರಿಂದ 15 ವರ್ಷ ಜೈಲು. ಶಾಲೆಯ ಗುಂಡಿನ ದಾಳಿಯೊಂದಕ್ಕೆ ಹೆತ್ತವರಿಗೆ ಹೀಗೆ ಶಿಕ್ಷೆಯಾದದ್ದು ಅದೇ ಮೊದಲು. ಶಿಕ್ಷೆ ಆಯಿತು, ನಿಜ. ನಾಲ್ಕು ಮನೆಗಳಲ್ಲಿ ಮಕ್ಕಳು ಹೋದ ಮೇಲೆ ಆಯಿತು. ಬೀಗದ ಕಾನೂನನ್ನು ಮಿಷಿಗನ್ ಮಾಡಿದ್ದು 2023ರಲ್ಲಿ.

ಎರಡು ರಾಜ್ಯ, ಒಂದೇ ವರ್ಷ

ಮನಸ್ಸು ಮಾಡಿದರೆ ಆಗುತ್ತದೆ ಅಂತ ಫ್ಲಾರಿಡಾ ತೋರಿಸಿತು. 2018ರ ಫೆಬ್ರುವರಿ 14ರಂದು ಪಾರ್ಕ್‌ಲ್ಯಾಂಡ್‌ನ ಹೈಸ್ಕೂಲಿನಲ್ಲಿ 17 ಜನ ಸತ್ತರು. ಉಳಿದ ವಿದ್ಯಾರ್ಥಿಗಳು ಬಸ್ಸು ಹತ್ತಿ ರಾಜಧಾನಿಗೆ ಹೋಗಿ ಶಾಸಕರ ಮುಂದೆ ನಿಂತರು. ರಿಪಬ್ಲಿಕನ್ನರೇ ಬಹುಮತದಲ್ಲಿದ್ದ ಸಭೆ, ರಿಪಬ್ಲಿಕನ್ ಗವರ್ನರ್. ಮಾರ್ಚ್ 9ಕ್ಕೆ ಕಾನೂನು ಸಹಿ ಆಗಿತ್ತು. ಯಾವುದೇ ಬಂದೂಕು ಕೊಳ್ಳಲು 21 ವರ್ಷ, ಮೂರು ದಿನ ಕಾಯುವುದು, ಜೊತೆಗೆ ರೆಡ್ ಫ್ಲ್ಯಾಗ್.

ರೆಡ್ ಫ್ಲ್ಯಾಗ್ ಅಂದರೆ ಅಪಾಯದ ಸೂಚನೆ ಕಂಡಾಗ ಕೋರ್ಟಿಗೆ ಹೋಗುವ ದಾರಿ. ಒಬ್ಬ ತನ್ನನ್ನೋ ಇನ್ನೊಬ್ಬರನ್ನೋ ಕೊಲ್ಲಬಹುದು ಅಂತ ಅನ್ನಿಸಿದರೆ ಪೊಲೀಸರು ಕೋರ್ಟಿಗೆ ಹೇಳಬಹುದು. ಹಲವು ರಾಜ್ಯಗಳಲ್ಲಿ ಮನೆಯವರೂ ನೇರವಾಗಿ ಹೇಳಬಹುದು. ನ್ಯಾಯಾಧೀಶರು ಪುರಾವೆ ನೋಡಿ ಸ್ವಲ್ಪ ಕಾಲ ಅವನ ಬಂದೂಕು ತೆಗೆದಿಡಿಸುತ್ತಾರೆ. ಆಮೇಲೆ ಅವನಿಗೂ ಕೋರ್ಟಿನಲ್ಲಿ ತನ್ನ ಮಾತು ಹೇಳಲು ಅವಕಾಶ ಇರುತ್ತದೆ. ಕನೆಕ್ಟಿಕಟ್ 1999ರಲ್ಲಿ ಮೊದಲು ತಂದಿತು, ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ಮೇನ್ ರಾಜ್ಯದಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಇನ್ನೂ ಸುತ್ತುಬಳಸಿನ ಕಾನೂನು. ಪೊಲೀಸರು ಮೊದಲು ವ್ಯಕ್ತಿಯನ್ನು ವಶಕ್ಕೆ ತಗೊಳ್ಳಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಆಮೇಲೆ ಕೋರ್ಟು. ಸೇನೆಯ ಮೀಸಲು ಪಡೆಯವನೊಬ್ಬನ ಬಗ್ಗೆ ಮನೆಯವರು ಮೊದಲೇ ಪೊಲೀಸರಿಗೆ ಹೇಳಿದ್ದರು. ಜೊತೆಯ ಸೈನಿಕನೂ ಎಚ್ಚರಿಸಿದ್ದ. ಯಾರೂ ಆ ಕಾನೂನು ಬಳಸಲಿಲ್ಲ. 2023ರ ಅಕ್ಟೋಬರ್ 25ರ ರಾತ್ರಿ ಅವನು ಲೆವಿಸ್ಟನ್ ಎಂಬ ಊರಲ್ಲಿ ಬೌಲಿಂಗ್ ಆಡುವ ಜಾಗದಲ್ಲಿ, ಬಾರಿನಲ್ಲಿ 18 ಜನರನ್ನು ಕೊಂದ.

2025ರ ನವೆಂಬರ್‌ನಲ್ಲಿ ಮೇನ್ ಜನ ತಾವೇ ಮತ ಹಾಕಿ ರೆಡ್ ಫ್ಲ್ಯಾಗ್ ಕಾನೂನು ತಂದರು. ಬೇಟೆಯಾಡುವವರು ತುಂಬಿರುವ ರಾಜ್ಯ ಅದು.

ಅದೇ ವರ್ಷ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲೂ ಒಂದು ಹೊಸ ಕಾನೂನು ಜಾರಿಗೆ ಬಂತು. ಅಲ್ಲಿ ಇನ್ನು ಮುಂದೆ ರೆಡ್ ಫ್ಲ್ಯಾಗ್ ಆದೇಶ ಜಾರಿ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಅಕ್ಕನ ಮಗಳು ಈಗ ನಾಲ್ಕನೇ ಕ್ಲಾಸು. ಡ್ರಿಲ್ ಬಗ್ಗೆ ಈಗ ಯಾರ ಹತ್ತಿರವೂ ಮಾತಾಡುವುದಿಲ್ಲ. ಕ್ಲಾಸಿನಲ್ಲಿ ಬಾಗಿಲಿನಿಂದ ದೂರ, ಗೋಡೆ ಪಕ್ಕದ ಸೀಟೇ ಬೇಕು ಅಂತ ಟೀಚರ್ ಹತ್ತಿರ ಕೇಳಿ ತಗೊಂಡಿದ್ದಾಳೆ ಅಂತ ಮೊನ್ನೆ ಅಕ್ಕ ಹೇಳಿದಳು.